ಮೂವತ್ತೆಂಟೂವರೆ

ಸತ್ಯಭಾಮಾಬಾಯಿ ಫೋನಿನಲ್ಲಿ ಅಳಲಿಲ್ಲ, ಬೈಯಲೂ ಇಲ್ಲ. ಬೈದಿದ್ದರೆ ಉಮಾಕಾಂತನಿಗೆ ಎಷ್ಟೋ ಹಗುರಾಗುತ್ತಿತ್ತು. ಖಾಪರಖೇಡಾದ ತನ್ನ ಕೊಟ್ಟಿಗೆಯಲ್ಲಿ ನಿಂತು, ಬೆಳಗಿನ ಆರೂವರೆಗೇ, ನಾಳೆ ಯಾವ ತರಕಾರಿ ತರಬೇಕೆಂದು ಗಾಡಿಯವನಿಗೆ ಹೇಳುವ ದನಿಯಲ್ಲಿ ಆಕೆ ಹೇಳಿದ್ದು ಇಷ್ಟೇ: ಮೂರನೆಯ ಕರುವೂ ಹಾಲು ಮುಟ್ಟುತ್ತಿಲ್ಲ. ಸೋಮವಾರ ಸಂಜೆ ಹುಟ್ಟಿದ್ದು, ಮಂಗಳವಾರ ಇಡೀ ದಿನ ಪಡುವಲಕ್ಕೆ ಮುಖ ಮಾಡಿ ನಿಂತಿತ್ತು, ನಿನ್ನೆ ಇಡೀ ದಿನ ತೆಂಕಲಿಗೆ. "ತಾಯಿ ಹಿಂದ ನಿಂತು ಒದರತೈತಿ ಸಾಹೇಬ, ಇದು ತಿರುಗಿ ಸುದ್ದಾ ನೋಡೂದಿಲ್ಲ. ಯಾರೋ ಬರೂದೈತಿ ಅಂತ ದಾರಿ ಕಾಯೂವರಂಗ ನಿಂತೈತಿ." ಆಕೆ ಆಡಿದ್ದು ಮರಾಠಿಯೇ. ಆದರೆ ಹಳ್ಳಿಯ ಮರಾಠಿ ಕಿವಿಗೆ ಬಿದ್ದ ಕೂಡಲೇ ಉಮಾಕಾಂತನ ತಲೆಯೊಳಗೆ ತಾನಾಗಿಯೇ ಅವನ ಅವ್ವನ ಗದಗಿನ ಕನ್ನಡವಾಗಿಬಿಡುತ್ತಿತ್ತು. ನಾಗಪುರದಲ್ಲೇ ಹುಟ್ಟಿ, ಅಜನಿಯ ರೈಲ್ವೆ ಕ್ವಾರ್ಟರ್ಸಿನಲ್ಲೇ ಬೆಳೆದರೂ ಬಿಡದ ಚಾಳಿ ಇದು. ಹಾಗಾಗಿ ಆಕೆ ಹೇಳಿದ್ದನ್ನು ಅಲ್ಲಗಳೆಯುವುದು ಅವನಿಗೆ ಯಾವತ್ತೂ ಆಗುತ್ತಿರಲಿಲ್ಲ. "ಬರ್ತೀನ್ರಿ ಬಾಯಿ, ಇವತ್ತ ಬರ್ತೀನಿ" ಅಂದ. ಮೊದಲ ಕರು ಹುಟ್ಟಿದಾಗಿನಿಂದ ಈ ಹನ್ನೆರಡು ದಿನದಲ್ಲಿ ಹಾಗೆ ಅಂದದ್ದು ಎಷ್ಟನೆಯ ಸಲವೋ, ಲೆಕ್ಕ ಅವನಿಗೂ ಇರಲಿಲ್ಲ.

ಫೋನ್ ಇಟ್ಟ ಮೇಲೆ ಬೇಡವೆಂದರೂ ದಿಕ್ಕುಗಳು ತಲೆಯಲ್ಲಿ ತಿರುಗತೊಡಗಿದವು. ಮಂಗಳವಾರ ತಾನು ಎಲ್ಲಿದ್ದೆ? ಕಾಟೋಲಿನಲ್ಲಿ, ಒಂದು ಗೋಶಾಲೆಯ ಹಸುಗಳನ್ನು ತಪಾಸಣೆ ಮಾಡುತ್ತ, ಸಂಜೆ ಆರರ ತನಕ. ಖಾಪರಖೇಡಾದಲ್ಲಿ ನಿಂತು ನೋಡಿದರೆ ಕಾಟೋಲು ಬರೋಬರ್ ಪಡುವಲಕ್ಕೆ. ನಿನ್ನೆ ಊರಲ್ಲೇ ಇದ್ದ, ಲ್ಯಾಬಿನಲ್ಲಿ. ನಾಗಪುರ ತೆಂಕಲಿಗೆ. ಛೇ, ಕರು ಎಂದ ಮೇಲೆ ಯಾವುದೋ ಒಂದು ಕಡೆ ಮುಖ ಮಾಡಿ ನಿಲ್ಲಲೇಬೇಕಲ್ಲ, ನಾಲ್ಕೇ ದಿಕ್ಕು ಇರೋದು ಅಂತ ತನಗೆ ತಾನೇ ಹೇಳಿಕೊಂಡು ಅವನು ಸ್ನಾನಕ್ಕೆ ಹೋದ. ಹೊರಗೆ ಬಂದಾಗ ವತ್ಸಲಾ ಭಕ್ರಿ ಬಡಿಯುತ್ತಿದ್ದಳು. ಮೇಲಿನ ಹಲಗೆಯ ಮೇಲಿದ್ದ ಚಟ್ನಿಯ ಭರಣಿಯನ್ನು ತೆಗೆಯಲು ಅವನು ಗೋಡೆಗೆ ಒತ್ತಿ ತಿರುಗಿ ನಿಂತು ಬಲಗೈ ಚಾಚಿದ. ಎಡಗಡೆ ನಿಂತಿದ್ದವನು ಎಡಗೈಯಲ್ಲೇ ತೆಗೆಯಬಹುದಿತ್ತು. "ಏನ್ರೀ ಅದು, ಆ ಕಂಕುಳಾಗ ಏನ್ ಬಚ್ಚಿಟ್ಟೀರಿ?" ಅಂದಳು ಅವಳು, ನಗುತ್ತಲೇ. "ಹೋದ ಶ್ರಾವಣದಿಂದ ನೋಡಾಕತ್ತೀನಿ, ಆ ಎಡಗೈ ಒಂದ್ಸರ್ತಿನೂ ಮ್ಯಾಲೆತ್ತಿಲ್ಲ ನೀವು. ಮಲಗಿದ್ರೂ ಒತ್ತಿಕೊಂಡೇ ಮಲಗ್ತೀರಿ." ಅವನು ಭುಜ ನೋವು ಎಂದ. ರಾಮದಾಸಪೇಠಿನ ಡಾಕ್ಟರು ಎಕ್ಸ್-ರೇ ಫೋಟೋ ತೆಗೆಸಿ ಏನೂ ಇಲ್ಲ ಅಂದದ್ದು ಅವಳಿಗೂ ಗೊತ್ತಿತ್ತು, ಅದಕ್ಕೆ ಮುಂದೆ ಕೇಳಲಿಲ್ಲ. ಭಕ್ರಿ ತಿರುವಿಹಾಕುತ್ತ ಬೇರೆಯದನ್ನೇ ಕೇಳಿದಳು: "ಹೋದ ಎರಡೂ ಕರುವಿಗೆ ಫೋನ್ ಮ್ಯಾಲೇ ಔಷಧ ಹೇಳಿದ್ರಿ. ದನದ ಕೆಲಸದಾಗ ಇಪ್ಪತ್ತೊರ್ಷ ತೆಗೆದವ್ರು, ಒಂದು ಕರುವಿನ ಹತ್ರ ಹೋಗಾಕ ಯಾಕ ಅಂಜ್ತೀರಿ?" ಅವಳು ಚುಚ್ಚಬೇಕೆಂದು ಕೇಳಿದ್ದಲ್ಲ. ಆದರೆ ಅವನು ಭಕ್ರಿಯನ್ನು ಅರ್ಧಕ್ಕೇ ಬಿಟ್ಟ. ನೀರು ಕುಡಿದು ಎದ್ದ.

ಎಲ್ಲ ಶುರುವಾದದ್ದು ಒಂದು ಸೊಳ್ಳೆಯ ಮಷೀನಿನಿಂದ ಅಂದರೆ ಯಾರು ನಂಬುತ್ತಾರೆ. ಅವನು ಕೆಲಸ ಮಾಡುವ ಲ್ಯಾಬಿನಲ್ಲಿ ಹಸುಗಳ ಭ್ರೂಣ ತಯಾರಿಸುತ್ತಾರೆ. ಒಳ್ಳೆಯ ತಳಿಯ ಹಸುವಿನಿಂದ ಸೂಜಿ ಹಾಕಿ ಅಂಡಾಣುಗಳನ್ನು ಎಳೆದು, ಗಾಜಿನ ತಟ್ಟೆಯಲ್ಲಿ ವೀರ್ಯದೊಂದಿಗೆ ಬಿಟ್ಟು, ಏಳು ದಿನ ಹಸುವಿನ ಮೈಯಷ್ಟೇ ಬಿಸಿಯಲ್ಲಿ ಕಾಪಿಟ್ಟು, ಆದದ್ದನ್ನು ಕಡ್ಡಿಯಷ್ಟು ಸಪೂರದ ನಳಿಕೆಗೆ ತುಂಬಿ, ಯಾರದೋ ಕೊಟ್ಟಿಗೆಯ ಯಾವುದೋ ಸಾದಾ ಹಸುವಿನ ಗರ್ಭಕ್ಕೆ ಸೇರಿಸುವುದು. ಹೊರುವವಳು ಒಬ್ಬಳು, ಹೊರಿಸಿದವಳು ಇನ್ನೊಬ್ಬಳು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿರುವುದಿಲ್ಲ. ನಡುವಿನ ದಾರಿ ಉಮಾಕಾಂತನದು. ಬ್ಯಾಟರಿಯ ಬೆಚ್ಚನೆಯ ಪೆಟ್ಟಿಗೆಯಲ್ಲಿ ನಳಿಕೆಗಳನ್ನಿಟ್ಟುಕೊಂಡು ಕಾರಿನಲ್ಲಿ ಕೊಟ್ಟಿಗೆಯ ತನಕ ಒಯ್ಯುವವನು, ಒಳಗೆ ಬಿಡುವವನು, ಫಾರ್ಮಿನಲ್ಲಿ ಬರೆಯುವವನು. ಮೂವತ್ತೆಂಟೂವರೆ ಡಿಗ್ರಿ. ಅದಕ್ಕಿಂತ ಒಂದು ಕಡಿಮೆಯಾಗಬಾರದು, ಒಂದು ಹೆಚ್ಚಾಗಬಾರದು. ಹೋದ ಆಗಸ್ಟಿನಲ್ಲಿ ಅವನಿಗೆ ಜ್ವರ ಬಂದಿತ್ತು. ಬೆಳಿಗ್ಗೆ ಬೇಗ ಹೊರಡಬೇಕೆಂದು ಲ್ಯಾಬಿನ ಸಾಮಾನಿನ ಕೋಣೆಯಲ್ಲೇ ಮಲಗಿದ್ದ. ಸೊಳ್ಳೆ ಅಂದರೆ ಸೊಳ್ಳೆ. ಎದ್ದು, ಕಣ್ಣು ಬಿಟ್ಟೂ ಬಿಡದೆ, ಗೋಡೆಯಲ್ಲಿದ್ದ ಒಂದೇ ಒಂದು ಪ್ಲಗ್ಗಿನಿಂದ ಏನನ್ನೋ ಕಿತ್ತು ಸೊಳ್ಳೆಯ ಮಷೀನು ಚುಚ್ಚಿದ. ಕಿತ್ತದ್ದು ಪೆಟ್ಟಿಗೆಯ ಚಾರ್ಜರು. ಬೆಳಿಗ್ಗೆ ಕೊರಾಡಿ ದಾಟಿ, ಪವರ್ ಸ್ಟೇಷನ್ನಿನ ಬೂದಿ ಲಾರಿಗಳ ಸಾಲಿನ ನಡುವೆ ಕಾರು ಸಿಕ್ಕಿಕೊಂಡಾಗ, ಹಿಂದಿನ ಸೀಟಿನ ಪೆಟ್ಟಿಗೆ ಒಂದೇ ಸಲ ಕುಂಯ್ ಅಂದು ಕತ್ತಲಾಯಿತು.

ಹಿಂದೆ ಹೋಗಬಹುದಿತ್ತು. ಫೋನ್ ಮಾಡಿ ತಪ್ಪಾಯಿತು ಅನ್ನಬಹುದಿತ್ತು. ಆದರೆ ಹಿಂದಿನ ವಾರವೇ ಡಾಕ್ಟರ್ ಅಭಿಜಿತ್ ಎಲ್ಲರ ಎದುರಿಗೆ, "ಉಮಾಕಾಂತ್‌ಜಿಗೆ ವಯಸ್ಸಾಯಿತು, ಮರೆವು" ಅಂದಿದ್ದ. ಅಭಿಜಿತ್ ಅವನಿಗಿಂತ ಹದಿನಾಲ್ಕು ವರ್ಷ ಚಿಕ್ಕವನು, ಲ್ಯಾಬಿನ ಯಜಮಾನ. ಅವನೆದುರು ಪೆಟ್ಟಿಗೆ ಹಿಡಿದು ನಿಲ್ಲುವುದನ್ನು ನೆನೆದೇ ಉಮಾಕಾಂತನ ಮೈಗೆ ಬೆವರು ಬಂತು. ಕೈಗವಸಿನ ಒಂದು ಬೆರಳನ್ನು ಕತ್ತರಿಸಿ, ಮೂರೂ ನಳಿಕೆಗಳನ್ನು ಅದರೊಳಗೆ ಇಳಿಸಿ, ಬನಿಯನ್ನಿನ ಒಳಗೆ ಎಡಗಂಕುಳಲ್ಲಿ ಇಟ್ಟುಕೊಂಡ. ಕೊಟ್ಟಿಗೆಯಲ್ಲಿ ಸಲಕರಣೆ ಹೊಂದಿಸುವ ಎರಡು ನಿಮಿಷ ಹೀಗೆ ಇಟ್ಟುಕೊಳ್ಳುವುದು ಈ ಕಸುಬಿನಲ್ಲಿ ಎಲ್ಲರೂ ಮಾಡುವುದೇ. ಅವನು ಇಟ್ಟುಕೊಂಡದ್ದು ಒಂದು ಗಂಟೆ ನಲವತ್ತು ನಿಮಿಷ. ಮನುಷ್ಯನ ಮೈ ಹಸುವಿನ ಮೈಗಿಂತ ತಣ್ಣಗೆ, ಸತ್ತೇಹೋಗುತ್ತವೆ ಎಂದುಕೊಂಡು ಥರ್ಮಾಮೀಟರನ್ನು ಬಲಗಂಕುಳಲ್ಲಿ ಇಟ್ಟು ನೋಡಿದ. ಮೂವತ್ತೆಂಟೂವರೆ. ಜ್ವರ ಸರಿಯಾಗಿ ಅಲ್ಲಿಗೇ ಬಂದು ನಿಂತಿತ್ತು. ಆಗ ಅವನಿಗೆ ಖುಷಿಯಾಯಿತು, ಅದನ್ನೇಕೆ ಮುಚ್ಚಿಡಬೇಕು, ತುಂಬಾ ಖುಷಿಯಾಯಿತು. ಮುಂದಿನ ಲಾರಿಯಿಂದ ಬೂದಿ ಗಾಜಿನ ಮೇಲೆ ಬೀಳುತ್ತಿತ್ತು, ಅವನು ಕೈ ಒತ್ತಿಕೊಂಡು ಕೂತು, ಜ್ವರದ ಮಂಪರಿನಲ್ಲಿ ಏನೇನೋ ಮಾತಾಡಿದ. ಬಂತು, ಬಂತು, ಇನ್ನೊಂದೀಟು ತಡೀರಿ, ಊರು ಬಂತು. ನಾ ಇದ್ದೀನಿ, ಅಂಜಬ್ಯಾಡ್ರಿ. ಕಣ್ಣಿಗೂ ಕಾಣದ ಮೂರು ಚುಕ್ಕೆಗಳಿಗೆ ಕನ್ನಡದಲ್ಲಿ ಒಂದು ಗಂಟೆ ನಲವತ್ತು ನಿಮಿಷ. ತನ್ನ ಮಗಳು ತನ್ವಿಯ ಜೊತೆಗೂ ಅವನು ಅಷ್ಟು ಹೊತ್ತು ಕನ್ನಡದಲ್ಲಿ ಮಾತಾಡಿರಲಿಲ್ಲ, ಅವಳು ಮೂರನೆಯ ಮಾತಿಗೇ ಹಿಂದಿಗೆ ಹೊರಳಿಬಿಡುತ್ತಿದ್ದಳು. ಸತ್ಯಭಾಮಾಬಾಯಿಯ ಮೂರು ಹಸುಗಳಿಗೂ ಒಂದೊಂದು ಬಿಟ್ಟು, ಫಾರ್ಮಿನಲ್ಲಿ ಉಷ್ಣತೆ ಎಂಬ ಕಡೆ ೩೮.೫ ಎಂದು ಬರೆದ. ಅದು ಸುಳ್ಳಲ್ಲ. ಯಾರ ಮೈಯ ಬಿಸಿ ಎಂದು ಬರೆಯಲು ಆ ಫಾರ್ಮಿನಲ್ಲಿ ಜಾಗವೇ ಇರಲಿಲ್ಲ.

ಮೂರಕ್ಕೆ ಮೂರೂ ಗರ್ಭ ನಿಂತವು. ಮೂರಕ್ಕೆ ಒಂದು ನಿಂತರೆ ಪೇಡೆ ಹಂಚುವ ಕಸುಬಿದು. ಲ್ಯಾಬಿನ ಬಾಗಿಲಲ್ಲೇ ಈಗಲೂ ಆ ಪೋಸ್ಟರು ಇದೆ, ಭ್ರೂಣ ಬೆಳೆಸುವ ಅಭಿಜಿತ್‌ನ ಹೊಸ ದ್ರಾವಣದ ಹೆಸರು, ಕೆಳಗೆ ದಪ್ಪಕ್ಷರದಲ್ಲಿ ನೂರಕ್ಕೆ ನೂರು. ಇವತ್ತು ಉಮಾಕಾಂತ ಅದರ ಕೆಳಗೆ ಚಪ್ಪಲಿ ಬಿಟ್ಟು ಒಳಗೆ ಹೋದಾಗ ಅಭಿಜಿತ್ ಕತ್ತಲೆ ಕೋಣೆಯಲ್ಲಿ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟು ತಟ್ಟೆ ತಿರುಗಿಸುತ್ತಿದ್ದ. ಖಾಪರಖೇಡಾದ ಮೂರನೆಯ ಕರುವೂ ಕುಡಿಯುತ್ತಿಲ್ಲ ಎಂದ ಉಮಾಕಾಂತ. "ಕರು ಸಾಯೋದು ಕೊಟ್ಟಿಗೆಯವರ ತಪ್ಪು, ಯಾರ್. ನಮ್ಮ ನಂಬರು ಗರ್ಭ ನಿಂತದ್ದು" ಅಂದ ಅಭಿಜಿತ್ ತಲೆ ಎತ್ತದೆ. ಕತ್ತಲೆ ಇತ್ತೆಂದೋ, ಅವನು ತನ್ನ ಕಡೆ ನೋಡುತ್ತಿಲ್ಲವೆಂದೋ, ಉಮಾಕಾಂತ ಹೇಳಿಬಿಟ್ಟ. ಪ್ಲಗ್ಗು, ಪೆಟ್ಟಿಗೆ, ಜ್ವರ, ಕಂಕುಳು. ಒಂಬತ್ತು ತಿಂಗಳು ಗಂಟಲಲ್ಲಿ ಇದ್ದದ್ದು ಒಂದೂವರೆ ನಿಮಿಷದಲ್ಲಿ ಮುಗಿಯಿತು. ಕೆಲಸದಿಂದ ತೆಗೆಯುತ್ತಾನೆ, ಕೂಗಾಡುತ್ತಾನೆ, ಪೋಸ್ಟರು ಹರಿಯುತ್ತಾನೆ ಎಂದು ಕಾಲು ಗಟ್ಟಿಮಾಡಿ ನಿಂತ. ಅಭಿಜಿತ್ ನಿಧಾನಕ್ಕೆ ಕಣ್ಣು ತೆಗೆದು, "ಎಷ್ಟು ಹೊತ್ತು ಅಂದ್ರಿ?" ಎಂದು ಕೇಳಿದ. ಕೇಳಿ ಚೀಟಿಯಲ್ಲಿ ಬರೆದುಕೊಂಡ. ಎಡಗಡೆಯೋ ಬಲಗಡೆಯೋ? ಬನಿಯನ್ನಿನ ಒಳಗೋ ಹೊರಗೋ? ಅದನ್ನೂ ಬರೆದುಕೊಂಡ. ಆಮೇಲೆ ಉಮಾಕಾಂತನ ಎಡಗಡೆಯನ್ನು ನೋಡಿದ, ಹೊಸದಾಗಿ ಬಂದ ಸಲಕರಣೆಯನ್ನು ಎಲ್ಲಿಡಬೇಕೆಂದು ನೋಡುವ ಹಾಗೆ. "ಯಾರಿಗೂ ಹೇಳಬೇಡಿ. ಸೋಮವಾರ ಹನ್ನೆರಡು ಭ್ರೂಣ ತಯಾರಾಗ್ತವೆ. ಹನ್ನೆರಡು ಹಿಡಿಸ್ತದಾ ಅಲ್ಲಿ?" ಉಮಾಕಾಂತ ಎಡಗೈಯನ್ನು ಮೈಗೆ ಇನ್ನಷ್ಟು ಒತ್ತಿಕೊಂಡ. "ಜ್ವರ ಬರಿಸೋಕೆ ಏನಾದರೂ ಇಂಜೆಕ್ಷನ್ ಇರ್ತದಲ್ಲ... ಜೋಕು, ಜೋಕು, ಗಾಬರಿಯಾಗಬೇಡಿ" ಎಂದು ಅಭಿಜಿತ್ ನಕ್ಕ. ಚೀಟಿಯನ್ನು ಮಾತ್ರ ಮಡಚಿ ಕಿಸೆಯಲ್ಲಿಟ್ಟುಕೊಂಡ.

ಇತವಾರಿ ಪೇಟೆಯಲ್ಲಿ ಅವನಿಗೆ ಏನೂ ಕೆಲಸವಿರಲಿಲ್ಲ. ಕರುವಿಗೆ ಹಾಲು ಕುಡಿಸುವ ರಬ್ಬರ್ ಬಾಟಲಿ ಲ್ಯಾಬಿನ ಎದುರಿನ ಅಂಗಡಿಯಲ್ಲೂ ಸಿಗುತ್ತದೆ. ಆದರೆ ಇತವಾರಿಗೆ ಹೋದರೆ ಒಂದು ಗಂಟೆ ಹೋಗುತ್ತದೆ, ಹಿಂದೆ ಬರಲು ಇನ್ನೊಂದು. ಕೈಗಾಡಿಗಳು, ಕಾಳಿನ ಮೂಟೆ, ಟೆಂಪೋದವರ ಬೈಗುಳ, ಮೇ ತಿಂಗಳ ಬಿಸಿಲು. ಬೇಕಂತಲೇ ಅವನು ಆ ಗದ್ದಲದ ನಡುವೆ ಕಾರು ನುಗ್ಗಿಸಿ ನಿಂತ. ಮುಂದಿನ ಕೈಗಾಡಿಯ ಹಿಂದೆ ಹತ್ತಿಯ ಬಿಳಿ ಮೂಟೆಯೊಂದು ಅಲುಗಾಡುತ್ತಿತ್ತು. ಮೊದಲ ಕರುವೂ ಹೀಗೇ ಬಿಳಿ, ಮೈಯೆಲ್ಲ ಒದ್ದೆ, ಹೊಕ್ಕುಳಬಳ್ಳಿ ಇನ್ನೂ ತೊಟ್ಟಿಕ್ಕುತ್ತಿತ್ತು. ಭ್ರೂಣ ಗವಳಾವು ತಳಿಯದು, ಹೊತ್ತವಳು ಕೆಂದು ಜೆರ್ಸಿ. ಅದಕ್ಕೇ ಮೊದಲ ಕರು ನೆಲಕ್ಕೆ ಬಿದ್ದಾಗ ಸತ್ಯಭಾಮಾಬಾಯಿ ಅಯ್ಯಯ್ಯ ಎಷ್ಟು ಬೆಳ್ಳಗೈತಿ ಎಂದು ಕೈ ಮುಗಿದಿದ್ದಳು. ಅಭಿಜಿತ್ ಫೋನು ಹಿಡಿದು ವಿಡಿಯೋ ತೆಗೆಯುತ್ತಿದ್ದ. ತಾಯಿ ನೆಕ್ಕುತ್ತಿದ್ದಂತೆಯೇ ಕರು ಎದ್ದಿತು, ಬಿದ್ದಿತು, ಎದ್ದಿತು. ಎದ್ದದ್ದು ಕೆಚ್ಚಲ ಕಡೆ ಹೋಗಲಿಲ್ಲ. ಇಡೀ ಕೊಟ್ಟಿಗೆ ದಾಟಿ, ಎರಡು ಸಲ ಮುಗ್ಗರಿಸಿ, ಮೂಲೆಯಲ್ಲಿ ಕುಕ್ಕರುಗಾಲಿನಲ್ಲಿ ಕೂತು ಫಾರ್ಮು ತುಂಬುತ್ತಿದ್ದ ಉಮಾಕಾಂತನ ಹತ್ತಿರ ಬಂತು. ಬಂದು ಅವನ ಎಡತೋಳಿನ ಸಂದಿಗೆ ಮೂತಿ ತೂರಿಸಿ, ಅಂಗಿಯನ್ನು ಚೀಪತೊಡಗಿತು. ಬಿಸಿ ಉಸಿರು ಸರಿಯಾಗಿ ಆ ಜಾಗಕ್ಕೇ ತಗುಲಿತು. ಒಂದು ಕ್ಷಣ ಅವನ ಕೈ ತಾನಾಗಿಯೇ ಮೇಲೇಳಲು ನೋಡಿತ್ತು. "ಆಯೀ! ಉಮಾಕಾಂತ್‌ಜಿ ತಾಯಿ ಆದರು!" ಎಂದು ಅಭಿಜಿತ್ ಹೊಟ್ಟೆ ಹಿಡಿದುಕೊಂಡು ನಕ್ಕ. ಕ್ಯಾಮೆರಾ ಇತ್ತ ತಿರುಗಿತು. ಉಮಾಕಾಂತ ಮೊಣಕಾಲಿನಿಂದ ಕರುವಿನ ಹಣೆಗೆ ಗುದ್ದಿದ. ತಳ್ಳಿದೆ ಎಂದೇ ಅವನು ಆಮೇಲೆ ಅಂದುಕೊಳ್ಳುತ್ತಿದ್ದ. ಆದರೆ ಟಕ್ ಎಂದು ಸದ್ದಾಗಿತ್ತು, ತಳ್ಳಿದರೆ ಸದ್ದಾಗುವುದಿಲ್ಲ. ಕರು ಬಿತ್ತು. ಎದ್ದು ಅವನನ್ನು ನೋಡಿ ಬಾಯಿ ಮುಚ್ಚಿಕೊಂಡಿತು. ಆ ಬಾಯಿ ಮತ್ತೆ ತೆರೆಯಲಿಲ್ಲ. ನಳಿಕೆ ಹಾಕಿ ಹೊಟ್ಟೆಗೆ ಬಿಟ್ಟ ಹಾಲೆಲ್ಲ ಹೊರಗೆ ಬಂತು. ನಾಲ್ಕನೆಯ ದಿನ ಸತ್ತಿತು. ಎರಡನೆಯದು ಹುಟ್ಟಿದಾಗ ಅವನು ಹೋಗಲೇ ಇಲ್ಲ, ಅದಕ್ಕೆ ಮೂರೇ ದಿನ ಸಾಕಾಯಿತು.

ಬಾಟಲಿ ಕೊಂಡ. ಕಾರು ತಿರುಗಿಸಿದವನು ಖಾಪರಖೇಡಾದ ರಸ್ತೆ ಹಿಡಿಯಲಿಲ್ಲ. ಪಾರ್ಡಿ ದಾಟಿ ಭಂಡಾರಾ ಹೈವೇಯಲ್ಲಿ ಸುಮ್ಮನೆ ಹೊಡೆಯತೊಡಗಿದ. ಭಂಡಾರಾದಲ್ಲಿ ಒಂದು ಹಳೆಯ ಕೇಸು ಇದೆ, ನೋಡಬೇಕಿತ್ತು, ನಾಳೆ ಖಾಪರಖೇಡಾಕ್ಕೆ ಹೋದರಾಯಿತು ಎಂದು ವತ್ಸಲಾಳಿಗೆ ಹೇಳಬೇಕಾದ ಮಾತನ್ನು ಬಾಯಲ್ಲೇ ಜೋಡಿಸಿಕೊಂಡ. ರಸ್ತೆ ಖಾಲಿ ಇತ್ತು. ಎಪ್ಪತ್ತು, ಎಂಬತ್ತು. ಎಸಿಯ ಗಾಳಿ ಮುಖಕ್ಕೆ ಬೀಸುತ್ತಿತ್ತು, ಹಾಯೆನಿಸಿತು, ನಿಜಕ್ಕೂ ಹಾಯೆನಿಸಿತು. ಮೌದಾ ಹತ್ತಿರ ಬರುವಾಗ ಫೋನು ಬಡಿದುಕೊಂಡಿತು. ಸತ್ಯಭಾಮಾಬಾಯಿ. "ಸಾಹೇಬ, ಹೊರಟೀರೇನು ನೀವು?" ಹೊರಟೆ ಎಂದ. "ಮತ್ತ... ಇದು ಬೆಳಗಿನಿಂದ ನಾಗಪುರದ ಕಡೆ ನೋಡಕೋತ ನಿಂತಿತ್ತು. ಈಗೊಂದು ಅರ್ಧ ತಾಸಿನಿಂದ ಜರಾ ಜರಾ ಮೂಡಲಕ್ಕ ಹೊಳ್ಳಾಕತ್ತೈತಿ. ನಿಂತಲ್ಲೇ ಹೊಳ್ಳತೈತಿ ಸಾಹೇಬ, ಗಡಿಯಾರದ ಮುಳ್ಳಿನಂಗ. ಕಾಲು ನಡುಗಾಕತ್ತಾವು. ಕುಂದ್ರಸಿದರ ಕುಂದ್ರೂದಿಲ್ಲ." ಆಕೆಯ ದನಿಯಲ್ಲಿ ಆಪಾದನೆ ಇರಲಿಲ್ಲ, ಆಕೆಗೇನೂ ಗೊತ್ತೂ ಇರಲಿಲ್ಲ, ಕಂಡದ್ದನ್ನು ಹೇಳುತ್ತಿದ್ದಳು, ಅಷ್ಟೇ. ಉಮಾಕಾಂತ ಕಾರನ್ನು ರಸ್ತೆಯ ಪಕ್ಕಕ್ಕೆ ಇಳಿಸಿ ನಿಲ್ಲಿಸಿದ. ಸ್ಟೀರಿಂಗಿನ ಮೇಲಿದ್ದ ಕೈಗಳು ಬೇರೆ ಯಾರದೋ ಅನಿಸಿದವು. ಎಲ್ಲಿಗೆ ಓಡಲಿ? ರಾಯಪುರಕ್ಕೆ ಹೋದರೆ ಅತ್ತ, ಗದಗಿಗೆ ಹೋದರೆ ಇತ್ತ. ಯಾವ ದಿಕ್ಕಿಗೆ ಹೋದರೂ ನೆಟ್ಟ ದೃಷ್ಟಿಯೊಂದು ಬೆನ್ನ ಮೇಲೆ. ಅದೂ ಎಷ್ಟು ದಿನ? ಎರಡು ದಿನ, ಹೆಚ್ಚೆಂದರೆ. ಆಮೇಲೆ ಯಾರೂ ನೋಡುವುದಿಲ್ಲ. ಆ ಯೋಚನೆಯಲ್ಲಿ ನೆಮ್ಮದಿ ಇದ್ದದ್ದು ಅವನಿಗೆ ಗೊತ್ತಾಯಿತು, ಗೊತ್ತಾದದ್ದೇ ಹೇಸಿಕೆಯಾಯಿತು. "ಬಾಯಿ, ಅದಕ್ಕ ಹೇಳ್ರಿ, ಬರಾಕತ್ತೀನಿ ಅಂತ" ಎಂದ. "ಯಾರಿಗೆ, ಕರುವಿಗೇನು?" "ಹೂಂ, ಕರುವಿಗೆ." ಕಾರು ತಿರುಗಿಸಿದ.

ಖಾಪರಖೇಡಾ ತಲುಪಿದಾಗ ಮಧ್ಯಾಹ್ನ ಮೂರಾಗಿತ್ತು. ಬಿಸಿಲಿಗೆ ಚಿಮಣಿಗಳು ನಡುಗುವಂತೆ ಕಾಣುತ್ತಿದ್ದವು. ಸತ್ಯಭಾಮಾಬಾಯಿಯ ಗಂಡ ಪವರ್ ಸ್ಟೇಷನ್ನಿನ ಶಿಫ್ಟಿಗೆ ಹೋಗಿದ್ದ, ಮನೆಯಲ್ಲಿ ಆಕೆ ಒಬ್ಬಳೇ. ಬೇಲಿಯ ಎಲೆಗಳ ಮೇಲೆ, ತಗಡಿನ ಮೇಲೆ, ಹಸುಗಳ ಬೆನ್ನಿನ ಮೇಲೆ ಸಣ್ಣ ಬೂದಿ ಕೂತಿತ್ತು. ಕೊಟ್ಟಿಗೆಯ ಒಳಗೆ ಹೋದವನಿಗೆ ಮೊದಲು ಕಂಡದ್ದು ಒಂದಲ್ಲ, ಮೂರು ಬಿಳಿ ಕರುಗಳು. ಆಮೇಲೆ ಹೊಲಿಗೆ ಕಂಡಿತು. ಸತ್ತ ಎರಡರ ತೊಗಲನ್ನು ಬಿಡಿಸಿ, ಉಪ್ಪು ಹಚ್ಚಿ ಒಣಗಿಸಿ, ಒಳಗೆ ಹುಲ್ಲು ತುಂಬಿ ಗೋಣಿದಾರದಿಂದ ಹೊಲಿದು, ನಾಲ್ಕು ಕಡ್ಡಿಯ ಕಾಲು ಕೊಟ್ಟು ಅವುಗಳ ತಾಯಂದಿರ ಮುಂದೆ ನಿಲ್ಲಿಸಿದ್ದರು. ಹಾಗೆ ನಿಲ್ಲಿಸದಿದ್ದರೆ ಕರು ಸತ್ತ ಹಸು ಹಾಲು ಇಳಿಸುವುದಿಲ್ಲ, ಅದು ಹಳೆಯ ರೂಢಿ. ಎಷ್ಟೋ ಕೊಟ್ಟಿಗೆಗಳಲ್ಲಿ ಅವನೇ ನೋಡಿದ್ದ. ಕೆಂದು ಹಸುಗಳೆರಡೂ ಒಂದೇ ಸಮನೆ ಹುಲ್ಲಿನ ಕರುಗಳನ್ನು ನೆಕ್ಕುತ್ತಿದ್ದವು. ನೆಕ್ಕಿಸಿಕೊಂಡು ನೆಕ್ಕಿಸಿಕೊಂಡು ಅವು ವಾರೆಯಾಗಿ ಬಾಗಿಲ ಕಡೆಗೆ ತಿರುಗಿ ನಿಂತಿದ್ದವು. "ದಿನಾ ನೆಟ್ಟಗ ಮಾಡ್ತೀನಿ, ದಿನಾ ಹೊಳ್ಳತಾವು. ಹಸುವಿನ ನಾಲಿಗಿ ಜೋರ ಐತಿ" ಅಂದಳು ಸತ್ಯಭಾಮಾಬಾಯಿ. ಹೌದು, ಹಸುವಿನ ನಾಲಿಗೆ ಜೋರು ಇರುತ್ತದೆ, ಅಂದ ಉಮಾಕಾಂತ.

ಮೂರನೆಯದು ಬಾಗಿಲ ಗೂಟದ ಹತ್ತಿರ ನಿಂತಿತ್ತು. ಪಕ್ಕೆಲುಬು ಎಣಿಸಬಹುದಾಗಿತ್ತು. ಅವನನ್ನು ಕಂಡು ಅದು ಓಡಿ ಬರಲಿಲ್ಲ, ಓಡಿ ಬರುವಷ್ಟು ಜೀವ ಅದರಲ್ಲಿ ಉಳಿದಿರಲಿಲ್ಲ. ಕಿವಿ ಮಾತ್ರ ಮುಂದಕ್ಕೆ ಬಾಗಿದವು. ಹಿಂದೆ ಅದರ ತಾಯಿ ಹಗ್ಗ ಜಗ್ಗಿ ಜಗ್ಗಿ ಕೂಗುತ್ತಿತ್ತು, ಕೆಚ್ಚಲಿನಿಂದ ಹಾಲು ತಾನಾಗಿಯೇ ಸೋರಿ ನೆಲ ಒದ್ದೆಯಾಗಿತ್ತು. ಉಮಾಕಾಂತ ಸಗಣಿ, ಹಾಲು, ಬೂದಿ ಬೆರೆತ ಆ ನೆಲದ ಮೇಲೆ ಕಾಲು ಚಾಚಿ ಕೂತ. ಕೂತು ಎಡಗೈ ಎತ್ತಿದ. ಒಂಬತ್ತು ತಿಂಗಳಿಂದ ಎತ್ತದ ಕೈ, ಭುಜ ಲಟಕ್ಕೆಂದಿತು. ನಾಚಿಕೆಯಾಯಿತು. ಐವತ್ತರ ಹತ್ತಿರ ಬಂದ ಗಂಡಸು, ಪ್ಯಾಂಟು ಹಾಕಿಕೊಂಡು ಸಗಣಿಯಲ್ಲಿ ಕೂತು, ಕಂಕುಳು ತೆರೆದು ಕರುವನ್ನು ಕರೆಯುವುದು. ಸತ್ಯಭಾಮಾಬಾಯಿ ಸೆರಗು ಬಾಯಿಗೆ ಹಿಡಿದು ನೋಡುತ್ತಿದ್ದಳು. ನಗುತ್ತಿರಬಹುದು, ನಗಲಿ. "ಬಾ" ಅಂದ. "ಬಾ, ಬಂದೀನಿ." ಕರು ನಾಲ್ಕು ಹೆಜ್ಜೆಯನ್ನು ನಾಲ್ಕು ಸಲ ನಿಂತು ನಿಂತು ನಡೆದು ಬಂದು, ಅವನ ತೋಳಿನ ಸಂದಿಗೆ ತಲೆ ಇಟ್ಟಿತು. ಚೀಪಲಿಲ್ಲ. ಸುಮ್ಮನೆ ಇಟ್ಟಿತು, ಇಟ್ಟು ಉದ್ದಕ್ಕೆ ಒಂದು ಉಸಿರು ಬಿಟ್ಟಿತು. ಅವನು ಕೈ ಇಳಿಸಿ ಅದನ್ನು ಮುಚ್ಚಿಕೊಂಡ.

ಬಾಟಲಿಯಲ್ಲಿ ಹಾಲು ತರಲೇನು ಎಂದು ಆಕೆ ಕೇಳಿದಳು. ತಡೀರಿ ಅಂದ. ಕರು ಅಲುಗಾಡಲಿಲ್ಲ, ಅವನೂ ಅಲುಗಾಡಲಿಲ್ಲ. ತಗಡಿನ ಮೇಲೆ ಬಿಸಿಲು ಚಿಟಿಚಿಟಿ ಅನ್ನುತ್ತಿತ್ತು. ಆಗ ಅವನು ಆಕೆಗೆ ಮರಾಠಿಯಲ್ಲಿ ಎಲ್ಲ ಹೇಳಿದ. ಅಭಿಜಿತ್‌ಗೆ ಹೇಳಿದ ಹಾಗಲ್ಲ. ಪ್ಲಗ್ಗು ಕಿತ್ತದ್ದು, ಹೆದರಿದ್ದು, ಮೈಗೆ ಒತ್ತಿಕೊಂಡದ್ದು, ದಾರಿಯುದ್ದಕ್ಕೂ ಮಾತಾಡಿದ್ದು, ನಾನಿದ್ದೇನೆ ಅಂದದ್ದು. ಆಮೇಲೆ ಮೊದಲನೆಯದು ಹುಡುಕಿಕೊಂಡು ಬಂದಾಗ ಅಭಿಜಿತ್ ನಕ್ಕನೆಂದು ಮೊಣಕಾಲಿನಿಂದ ಗುದ್ದಿದ್ದು. "ನೀವು ನೋಡಿದ್ರಿ ಅದನ್ನ" ಅಂದ. "ನೋಡಿದ್ದೆ" ಅಂದಳು. ಅಳು ಬಂತು, ಬರಲಿ ಎಂದು ಬಿಟ್ಟ. ಎಷ್ಟು ಹೊತ್ತು ಹಾಗೆ ಕೂತಿದ್ದನೋ, ಕಾಲು ಜೋಮು ಹಿಡಿಯಿತು. ಹಿಂದಿನಿಂದ ತಾಯಿ ಇನ್ನೊಮ್ಮೆ ಕೂಗಿತು. ತೋಳಿನ ಒಳಗೆ ಒಂದು ಕಿವಿ ಪಟಕ್ಕೆಂದು ಅಲ್ಲಾಡಿತು. ಕರು ತಲೆಯನ್ನು ಹಿಂದಕ್ಕೆ ಎಳೆದುಕೊಂಡಿತು. ಅವನ ಮುಖ ನೋಡಲಿಲ್ಲ. ಅಲ್ಲೇನೋ ಕಲ್ಲೊಂದು ಬಿದ್ದಿದೆ ಎನ್ನುವ ಹಾಗೆ ಅವನ ಚಾಚಿದ ಕಾಲನ್ನು ದಾಟಿ, ಓಲಾಡುತ್ತ ಹೋಗಿ, ಕೆಂದು ಹಸುವಿನ ಕೆಚ್ಚಲನ್ನು ತಲೆಯಿಂದ ಒಮ್ಮೆ ಗುದ್ದಿ, ಮೊಲೆ ಹುಡುಕಿ ಬಾಯಿ ಹಾಕಿತು. ಬಾಲ ಎದ್ದಿತು. ಮೂತಿಯ ಎರಡೂ ಕಡೆ ನೊರೆ. ಸತ್ಯಭಾಮಾಬಾಯಿ, "ಅಯ್ಯ, ಕುಡಿತು! ಕುಡಿತು ನೋಡ್ರಿ ಸಾಹೇಬ, ಹೆಂಗ ಕುಡಿಯಾಕತ್ತೈತಿ!" ಎಂದು ಚಪ್ಪಾಳೆ ತಟ್ಟಿ ನಕ್ಕಳು. ಅವನೂ ಅಳುತ್ತಲೇ ನಕ್ಕ. ಈ ಕಡೆ ತಿರುಗುತ್ತದೇನೋ ಎಂದು ಒಂದೆರಡು ನಿಮಿಷ ನೋಡಿದ. ಅದು ತಿರುಗಲಿಲ್ಲ. ಅವನು ಎದ್ದು ಬಾಗಿಲ ತನಕ ನಡೆದು, ಅಲ್ಲಿಂದ ಎಡಕ್ಕೆ, ಬಲಕ್ಕೆ ಹೋಗಿ ನೋಡಿದ. ಕರುವಿಗೆ ಅವನ ಪರಿವೆಯೇ ಇರಲಿಲ್ಲ, ಎಲ್ಲ ಕರುಗಳಂತೆ ಹಾಲು ಕುಡಿಯುತ್ತಿತ್ತು.

ನಗು ಆಕೆಯ ಮುಖದಲ್ಲಿ ಹಾಗೇ ಇತ್ತು, ಕಣ್ಣು ಮಾತ್ರ ಅಲ್ಲಿಂದ ಸರಿದು ಹುಲ್ಲಿನ ಎರಡು ಕರುಗಳ ಮೇಲೆ ಹೋಯಿತು. "ಎಷ್ಟೊತ್ತು ಹಿಡಕೊಂಡಿದ್ರಿ ಸಾಹೇಬ?" ಎಂದು ಕೇಳಿದಳು. ಅವನು ಗಡಿಯಾರ ನೋಡಿ, ಇಪ್ಪತ್ತು ನಿಮಿಷ ಇರಬಹುದು ಅಂದ. ಆಕೆ ಹುಲ್ಲಿನ ಕರುಗಳ ಕಡೆ ಕೈ ತೋರಿಸಿದಳು. "ಅವಕ್ಕೂ ಇಷ್ಟ ಸಾಕಾಗಿತ್ತೇನು?"

ಹೇಳದೆ ಇರಬಹುದಿತ್ತು. ಗೊತ್ತಿಲ್ಲರಿ ಬಾಯಿ, ಪ್ರಾಣಿ, ಹೇಳಲಾಗುವುದಿಲ್ಲ ಎನ್ನಬಹುದಿತ್ತು. "ಸಾಕಾಗಿತ್ತು" ಅಂದ ಉಮಾಕಾಂತ.

ಆಕೆ ಬೈಯಲಿಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿ ಮೊದಲ ಹಸುವಿನ ಮುಂದೆ ಹೋಗಿ, ಹುಲ್ಲಿನ ಕರುವನ್ನು ಎರಡೂ ಕೈಯಿಂದ ಎತ್ತಿಕೊಂಡು ಬಂದಳು. ಹಸು ಹಿಂದಿನಿಂದ ಕುತ್ತಿಗೆ ಚಾಚಿತು. "ಕುಂದರ್ರಿ" ಅಂದಳು ಅವನಿಗೆ, ಅವ್ವ ಹೇಳುವ ಹಾಗೆ. ಅವನು ಕೂತ. "ಇದನ್ನೂ ಹಿಡಕೊರ್ರಿ ಮತ್ತ. ಆಮ್ಯಾಲ ಅದನ್ನ ಕೊಡ್ತೀನಿ." ಎಂದು ಕರುವಿನ ತಲೆಯನ್ನು ಅವನ ತೋಳಿನ ಸಂದಿಗೆ ಇಟ್ಟಳು. ಹೊಲಿದ ಕಣ್ಣಿನ ದಾರ ಅಂಗಿಗೆ ಸಿಕ್ಕಿಕೊಂಡಿತು, ಒಣ ಹುಲ್ಲು ಚುಚ್ಚಿತು. ತೊಗಲು ಬೆಚ್ಚಗಿತ್ತು. ಮೇ ತಿಂಗಳಲ್ಲಿ ಆ ಊರಿನಲ್ಲಿ ಎಲ್ಲವೂ ಬೆಚ್ಚಗೇ ಇರುತ್ತದೆ. ಸತ್ಯಭಾಮಾಬಾಯಿ ಎದುರಿಗೆ ಬುಟ್ಟಿ ಬೋರಲು ಹಾಕಿ ಅದರ ಮೇಲೆ ಕೂತಳು. ಉಮಾಕಾಂತ ಕೈ ಇಳಿಸಿ ಕರುವನ್ನು ಮುಚ್ಚಿಕೊಂಡು, ಬಂದೀನಿ, ಬಂದೀನಿ ಎಂದು ಸಣ್ಣ ದನಿಯಲ್ಲಿ ಕನ್ನಡದಲ್ಲಿ ಹೇಳತೊಡಗಿದ.